ಗುರುಗಳ ಜಾಗ

"ಆ ವಿಗ್ರಹ ಅಲ್ಲಿಂದ ಏಳೋವರೆಗೂ ನಾನು ಕಾರು ಹತ್ತಲ್ಲ," ಎಂದು ಏಳು ತಿಂಗಳ ಬಸುರಿ ದಾರಿನ್ ಕೊರಾಟ್ ಊರಿನ ಬೌದ್ಧ ವಿಹಾರದ ಅಂಗಳದಲ್ಲಿ, ಸುಡು ಬಿಸಿಲಿನಲ್ಲೇ ನಿಂತುಬಿಟ್ಟಳು. ಹೊಸ ಕಾರಿನ ಒಳಚಾವಣಿಗೆ ಭಿಕ್ಷುಗಳು ಹಚ್ಚಿದ ಬಿಳಿ ಗಂಧ ಇನ್ನೂ ಒಣಗಿರಲಿಲ್ಲ. ಅಷ್ಟರಲ್ಲೇ ಅತ್ತೆ ಸಾಯ್‌ಬುವಾ ತನ್ನ ಗುರುಗಳ ಕಂಚಿನ ಮೂರ್ತಿಯನ್ನು ಎಡಗಡೆ ಸೀಟಿನ ಮುಂದೆ, ಏರ್‌ಬ್ಯಾಗ್ ಎಂದು ಬರೆದಿದ್ದ ಮುಚ್ಚಳದ ಮೇಲೇ ಅಂಟಿಸಿದ್ದಳು.

"ಗುರುಗಳು ಮೂವತ್ತು ವರ್ಷದಿಂದ ನಮ್ಮನೆ ಕಾದೋರು ಕಣೇ. ಈ ಬ್ಯಾಗು ಕಂಪನಿಯೋರು ತುರುಕಿದ್ದು. ನಾವೇನು ಕೇಳಿದ್ವಾ?"

"ಗಾಡಿ ಗುದ್ದಿದ್ರೆ ಆ ಮುಚ್ಚಳ ಸಿಡಿಯುತ್ತೆ ಅಂತ ಶೋರೂಮಿನೋರು ಹೇಳಿದ್ದು ನಿಮಗೂ ಕೇಳಿಸ್ತು. ಗುರುಗಳು ನೆಟ್ಟಗೆ ನನ್ನ ಮುಖಕ್ಕೇ ಬರ್ತಾರೆ."

"ಬಿಡ್ತು ಅನ್ನು! ಶುಭದಿನ ಎಂಥಾ ಮಾತು!"

"ಇವತ್ತೊಂದಿನ ಸುಮ್ನಿರೇ," ಎಂದು ಸ್ಟೀರಿಂಗ್ ಹಿಡಿದಿದ್ದ ಗಂಡ ಕೊಮ್‌ಸಾನ್ ಗೋಗರೆದ. ದಾರಿನ್ ಎಡಗಡೆ ಬಾಗಿಲನ್ನು ಪೂರ್ತಿ ತೆರೆದು ಹಿಡಿದಳು. "ಅಷ್ಟು ನಂಬಿಕೆ ಇದ್ರೆ ನೀವೇ ಇಲ್ಲಿ ಕೂತ್ಕೊಳ್ಳಿ ಅತ್ತೆ. ನಾನು ಹಿಂದೆ ಕೂರ್ತೀನಿ."

ಸಾಯ್‌ಬುವಾ ಸೊಸೆಯನ್ನು ದುರುಗುಟ್ಟಿ ನೋಡಿ, ಧಡಕ್ಕನೆ ಬಂದು ಮುಂದಿನ ಸೀಟಿನಲ್ಲಿ ಕೂತಳು. ಗುರುಗಳ ಮೂಗಿಗೂ ಅವಳ ಮೂಗಿಗೂ ನಡುವೆ ಒಂದೂವರೆ ಮೊಳ ಜಾಗವಿತ್ತು. ಕಾರು ವಿಹಾರದ ಗೇಟು ದಾಟುವ ಮೊದಲೇ ಅವಳು "ನಿಲ್ಸೋ" ಎಂದಳು. ಅಂಟಿನ ಕೆಳಗೆ ಉಗುರು ತೂರಿಸಿ ಮೂರ್ತಿಯನ್ನು ಎಬ್ಬಿಸಿ, ಹಣೆಗೆ ಒತ್ತಿಕೊಂಡು, ಚೀಲದೊಳಗೆ ಜೋಪಾನವಾಗಿ ಇಟ್ಟಳು.

"ಇಲ್ಲಿ ಬಿಸಿಲು ಜಾಸ್ತಿ, ಗುರುಗಳಿಗೆ ಆಗಲ್ಲ," ಎಂದಳು, ಹಿಂದಕ್ಕೆ ತಿರುಗದೆ. "ನಿನ್ನ ಮಾತಿಗೆ ತೆಗೆದಿದ್ದಲ್ಲ."