ಇನ್ನೂರ ಹದಿನಾಲ್ಕರ ಮೂರನೇ ಗೀಟು

ಇನ್ನೂರ ಹದಿನಾಲ್ಕು ಈ ಮಂಗಳವಾರವೂ ಕೈಕೊಟ್ಟಿತು.

ಹನ್ನೊಂದೂವರೆಯ ಸರದಿ. ಗಡಿಯಾರ ಆಗಲೇ ಮುಕ್ಕಾಲು ದಾಟಿತ್ತು. ಲೇಡಿ ಡಾಕ್ಟರು ತಮ್ಮ ಕೋಣೆಯಲ್ಲಿ ಇಸಿಜಿ ಯಂತ್ರ ಸಿದ್ಧಮಾಡಿಕೊಂಡು ಖಾಲಿ ಕುರ್ಚಿಯನ್ನು ನೋಡುತ್ತ ಕೂತಿದ್ದರು. ಕೌಂಟರಿನ ಅಕ್ಕ ರಿಜಿಸ್ಟರು ತೆಗೆದು ಕೆಂಪು ಪೆನ್ನಿನಲ್ಲಿ ಗೀಟು ಎಳೆದಳು. ಮೂರನೇ ಗೀಟು.

ಕ್ಲಿನಿಕ್ಕಿಗೆ ಬಂದು ಎರಡೇ ತಿಂಗಳಾಗಿದ್ದರೂ ಅವಳು ಎಲ್ಲರಿಗೂ ಅಕ್ಕನಾಗಿದ್ದಳು. ಗೋಡೆಯ ಮೇಲಿನ ಬೋರ್ಡು ಅವಳಿಗೆ ಬಾಯಿಪಾಠ. ಎಡಗಡೆ ರೋಗಿಗಳ ಹಕ್ಕು, ಬಲಗಡೆ ರೋಗಿಗಳ ಹೊಣೆ. ದೊಡ್ಡ ಡಾಕ್ಟರೇ ಕೂತು ಒಂದೊಂದು ಸಾಲನ್ನೂ ಬರೆಸಿದ್ದರು. ಒಬ್ಬರ ಕಾಯಿಲೆ ಇನ್ನೊಬ್ಬರ ಕಿವಿಗೆ ಬೀಳಬಾರದು ಎಂಬುದು ಎಡಗಡೆಯ ಮೊದಲ ಸಾಲು. ಮೂರು ಸಲ ಸರದಿ ತಪ್ಪಿಸಿದವರ ಫೈಲು ಮುಚ್ಚಲಾಗುವುದು ಎಂಬುದು ಬಲಗಡೆಯ ಕೊನೆಯ ಸಾಲು. ರೋಗಿಗಳೆಂದರೆ ಪ್ರಾಣ ಬಿಡುವ ಮನುಷ್ಯ ದೊಡ್ಡ ಡಾಕ್ಟರು. ವಯಸ್ಸಾದವರಿಗೆ ಮೆಟ್ಟಿಲು ಕಷ್ಟ ಎಂದು ಹೋದ ತಿಂಗಳು ತಮ್ಮ ಕೋಣೆಯನ್ನೇ ಮಹಡಿಯಿಂದ ಕೆಳಗಿಳಿಸಿದ್ದರು.

ಇನ್ನೂರ ಹದಿನಾಲ್ಕನೇ ಫೈಲಿಗೆ ಇನ್ನೂ ಹೆಸರಿರಲಿಲ್ಲ. ಮೊದಲ ಸಲ ಬಂದಾಗ ರೋಗಿಯೇ ಬರೆಯಬೇಕು. ಸರದಿ ಕೇಳಿ ಫೋನು ಮಾಡಿದ ಹೆಂಗಸು ಹೆಸರು ಹೇಳಲು ಒಪ್ಪಿರಲಿಲ್ಲ.

"ನಮ್ಮನೆಯವರಿಗೆ ನಾಚಿಕೆ ಜಾಸ್ತಿ. ಯಾರಿಗೂ ಗೊತ್ತಾಗಬಾರದು ಅಂತ ಹಟ. ನಾಲ್ಕು ಮೆಟ್ಟಿಲು ಹತ್ತಿದ್ರೆ ಎದೆ ಹಿಡ್ಕೊಳ್ಳುತ್ತೆ, ಆದ್ರೂ ಏನಿಲ್ಲ ಅಂತಾರೆ. ಲೇಡಿ ಡಾಕ್ಟರ ಹತ್ರಾನೇ ಕೊಡಿ. ಆ ಹೊತ್ತಿಗೆ ಅವರು ಆ ಕಡೆನೇ ಇರ್ತಾರೆ, ಬರ್ತಾರೆ."

ಬರಲಿಲ್ಲ. ಹೊರಡುವ ಹೊತ್ತಿಗೆ ಯಾರೋ ಬಂದುಬಿಟ್ಟರಂತೆ. ಎರಡನೇ ಸಲವೂ ಅದೇ ರಾಗ. ಯಾವುದೋ ಅಂಗಡಿಯ ಯಜಮಾನನಿರಬೇಕು, ಗಿರಾಕಿ ಬಿಟ್ಟು ಏಳದವನು ಎಂದುಕೊಂಡಳು ಅಕ್ಕ.

"ಇದೊಂದ್ಸಲ ತಪ್ಪಿದ್ರೆ ಇವರು ಇನ್ಯಾವ ಡಾಕ್ಟರ ಮುಖಾನೂ ನೋಡಲ್ಲ, ಅಮ್ಮ," ಎಂದು ನಿನ್ನೆಯಷ್ಟೇ ಆ ಹೆಂಗಸು ಅತ್ತಿದ್ದಳು. "ಅವರ ನಂಬರ್ ಕೊಟ್ಟಿರ್ತೀನಿ. ತೀರಾ ಬೇಕಾದ್ರೆ ಮಾತ್ರ ಮಾಡಿ."

ಅಕ್ಕನಿಗೆ ಅವಳ ಮೇಲೆ ಕನಿಕರ, ಅವಳ ಗಂಡನ ಮೇಲೆ ಕೆಂಡದಂಥ ಕೋಪ. ಅನುಮಾನವೂ ಒಂದಿತ್ತು.

ಅನುಮಾನ ಮೂಲೆಯ ಬೆಂಚಿನ ಮೇಲೆ ಕೂತಿತ್ತು. ಎಲ್ಲರೂ ಪೇಪರ್ ಮಾವ ಎನ್ನುತ್ತಿದ್ದ ದಪ್ಪ ಮನುಷ್ಯ. ಮಂಗಳವಾರ ಹನ್ನೊಂದಕ್ಕೆ ತಪ್ಪದೆ ಬರುತ್ತಿದ್ದ. ಲೇಡಿ ಡಾಕ್ಟರ ಬಾಗಿಲಿಗೆ ಎದುರಾಗಿ ಕೂತು ಪೇಪರು ಬಿಡಿಸುತ್ತಿದ್ದ. ಆಗಾಗ ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದ. ಒಳಗೆ ಮಾತ್ರ ಒಂದು ದಿನವೂ ಹೋದವನಲ್ಲ.

"ಒಳಗೆ ಹೋಗಲ್ವಾ, ಮಾವ?" ಅಕ್ಕ ಕೇಳಿದಳು.

"ಅವಸರ ಏನಿಲ್ಲಮ್ಮ. ಇದೊಂದು ಮುಗೀಲಿ."

ಎದೆನೋವಿಟ್ಟುಕೊಂಡು ಪೇಪರು ಮುಗಿಯಲಿ ಎನ್ನುವವನಿಗೆ ಏನು ಹೇಳುವುದು? ಅಕ್ಕ ಫೈಲು ಮುಚ್ಚುವ ಪತ್ರ ಬರೆದು ದೊಡ್ಡ ಡಾಕ್ಟರ ಕೋಣೆಗೆ ನಡೆದಳು.

ಅವರು ಒಬ್ಬ ಅಜ್ಜಿಯ ಬೆನ್ನಿಗೆ ಸ್ಟೆತಸ್ಕೋಪು ಒತ್ತಿ ನಿಂತಿದ್ದರು. ಪತ್ರದತ್ತ ತಿರುಗಿಯೂ ನೋಡಲಿಲ್ಲ.

"ಮೂರು ಸಲಾನೂ ಬರಲಿಲ್ವಾ?"

"ಇಲ್ಲ ಸಾರ್. ಆದ್ರೆ ಆ ಮನುಷ್ಯರಿಗೆ ಇರೋ ತೊಂದರೆ ಏನಪ್ಪ ಅಂದ್ರೆ..."

"ಅದು ನನಗೆ ಹೇಳಬೇಡಿ. ಎಡಗಡೆ ಮೊದಲನೇ ಸಾಲು ಏನು?" ಅಜ್ಜಿಯ ಹೆಗಲ ಮೇಲಿನಿಂದಲೇ ಕೈಚಾಚಿ ಸಹಿ ಗೀಚಿದರು. "ತಾವಿಲ್ಲದಿದ್ರೆ ಲೋಕ ನಿಂತುಹೋಗುತ್ತೆ ಅನ್ಕೊಂಡಿರ್ತಾರೆ ಇಂಥವರು. ಮನೇಲಿ ಹೆಂಡತಿ ಮಕ್ಕಳು ಕಂಗಾಲಾಗಿರ್ತಾರೆ. ದಾಕ್ಷಿಣ್ಯವೇ ಬೇಡ."

ನೂರಕ್ಕೆ ನೂರು ನಿಜ ಎನ್ನಿಸಿತು ಅಕ್ಕನಿಗೆ. ಬಾಗಿಲೆಳೆದುಕೊಂಡು ಹೊರಗೆ ಬಂದಳು. ಪತ್ರವನ್ನು ಮಡಿಚುವಾಗ ಕಣ್ಣು ಬೋರ್ಡಿನ ಎಡಗಡೆಗೆ ಹೋಯಿತು. ಫೈಲು ಮುಚ್ಚುವ ಮುನ್ನ ರೋಗಿಯ ಮಾತನ್ನು ಕೇಳತಕ್ಕದ್ದು. ಅದೂ ದೊಡ್ಡ ಡಾಕ್ಟರು ಬರೆಸಿದ್ದೇ. ನಿನ್ನೆ ಅತ್ತಿದ್ದ ಹೆಂಗಸಿನ ದನಿ ಕಿವಿಯಲ್ಲಿ ಇನ್ನೂ ಹಾಗೇ ಇತ್ತು.

ರಿಜಿಸ್ಟರು ನೋಡಿ ನಂಬರು ಒತ್ತಿದಳು. ರಿಸೀವರು ಕಿವಿಗಿಟ್ಟುಕೊಂಡು ಪೇಪರ್ ಮಾವನ ಜೇಬನ್ನೇ ದಿಟ್ಟಿಸಿದಳು.

ಮಾವ ಎದೆಗೆ ಕೈಹಾಕಿದ. ಜೇಬಿನಿಂದ ಕನ್ನಡಕ ತೆಗೆದು, ಒರೆಸಿ, ಮೂಗಿಗೇರಿಸಿಕೊಂಡ. ಅವಳು ನೋಡುತ್ತಿರುವುದನ್ನು ಕಂಡು ಸಂಕೋಚಪಟ್ಟ.

"ತಪ್ಪು ತಿಳ್ಕೋಬೇಡಮ್ಮ. ಮಂಗಳವಾರದ ಪುರವಣಿ ಚೆನ್ನಾಗಿರುತ್ತೆ. ಮನೇಲಿ ಪೇಪರ್ ತರ್ಸಲ್ಲ."

ಫೋನು ಎಲ್ಲಿಯೋ ರಿಂಗಾಗುತ್ತಿತ್ತು. ದೂರದಲ್ಲೇನೂ ಅಲ್ಲ. ಯಾರೋ ಎತ್ತಿದರು.

"ಈಗ ಆಗಲ್ಲ. ಎದುರಿಗೆ ಯಾರೋ ಕೂತಿದ್ದಾರೆ. ಆಮೇಲೆ ಮಾಡಿ."

ಆ ಮಾತು ಅಕ್ಕನ ಒಂದು ಕಿವಿಗೆ ರಿಸೀವರಿನಿಂದ ಬಿತ್ತು, ಇನ್ನೊಂದು ಕಿವಿಗೆ ಈಗಷ್ಟೇ ಎಳೆದುಕೊಂಡು ಬಂದ ಬಾಗಿಲಿನ ಹಿಂದಿನಿಂದ. ಅವಳು ಸಹಿಯಾದ ಪತ್ರವನ್ನು ನಿಧಾನವಾಗಿ ಎರಡು ತುಂಡು ಮಾಡಿದಳು.

"ಆಮೇಲೆ ಇಲ್ಲ, ಸಾರ್. ಆ ಅಜ್ಜೀನ ನಾನು ಕೂರಿಸ್ಕೊಂಡಿರ್ತೀನಿ, ನೀವು ಪಕ್ಕದ ಲೇಡಿ ಡಾಕ್ಟರ ಕೋಣೆಗೆ ಹೋಗಿ ಹೆಸರು ಬರೀರಿ."