ಮಿಕ್ಸಿಗಿಟ್ಟ ಕುಂಕುಮ

ಆಯುಧಪೂಜೆಯ ದಿನ ಬೆಳಿಗ್ಗೆಯೇ ಸ್ಕೂಟರ್ ತೊಳೆದು, ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಅವನು ಪೇಪರ್ ಹಿಡಿದು ಕೂತ.

"ಮಾರ್ಕೆಟ್ಟಿಗೆ ಹೋಗಿ ಬಾಳೆಲೆ ತಂದ್ಬಿಡಿ," ಅಂದಳು ಹೆಂಡತಿ.

"ಪೂಜೆ ಆದ ಗಾಡೀನ ನಾಳೆವರೆಗೂ ಮುಟ್ಟಬಾರದು ಕಣೇ. ಶಾಸ್ತ್ರ!"

ಅವಳು ಬಿಸಿಲಲ್ಲಿ ನಡೆದೇ ಹೋಗಿ ತಂದಳು. ಅವಳು ಅಡುಗೆಮನೆ ಸೇರುತ್ತಲೇ ಅವನು ಕೂತಲ್ಲಿಂದಲೇ ಕೂಗಿದ: "ಊಟಕ್ಕೆ ಉದ್ದಿನ ವಡೆ ಇರ್ಲಿ. ಬೇಳೆ ನೆನೆಸಿದ್ದೀಯ ತಾನೇ?"

"ಬೇಳೆಯೇನೋ ನೆಂದಿದೆ. ರುಬ್ಬೋದು ಹೇಗೆ? ನೀವೇ ಬಂದು ನೋಡಿ."

ಮಿಕ್ಸಿ ಮೈತುಂಬ ಕುಂಕುಮ ಇಟ್ಟುಕೊಂಡು, ಹೂ ಮುಡಿದು, ಮದುಮಗಳ ಹಾಗೆ ಕೂತಿತ್ತು.

ಅವನು ಸೀದಾ ದೇವರಮನೆಗೆ ಹೋದ. "ಅಮ್ಮಾ, ನಿನ್ನ ಸೊಸೆ ಆಟ ನೋಡಿದ್ಯಾ? ವಡೆ ಮಾಡೋದು ತಪ್ಪಿಸ್ಕೊಳ್ಳೋಕೆ ಮಿಕ್ಸಿಗೆ ಪೂಜೆ ಮಾಡಿಟ್ಟಿದ್ದಾಳೆ!"

"ಅವಳೆಲ್ಲಿ ಮಾಡಿದ್ಲು? ಬಾಳೆಲೆ ತರೋಕೆ ಹೋಗಿದ್ಲಲ್ಲ." ಅಮ್ಮ ಕೆಂಪಾಗಿದ್ದ ಬೆರಳನ್ನು ಸೆರಗಿಗೆ ಒರೆಸಿಕೊಂಡರು. "ಹಿತ್ತಲಲ್ಲಿರೋ ಒರಳುಕಲ್ಲಿಗೆ ಮಾತ್ರ ಕುಂಕುಮ ಇಟ್ಟಿಲ್ಲ ಕಣೋ. ಅದನ್ನ ನಿನಗೇ ಅಂತ ಬಿಟ್ಟಿದ್ದೀನಿ."