ಬೆನ್ನ ಹಿಂದಿನ ಹೆಜ್ಜೆ

ಮಿಸುಜು ಮತ್ತೆ ಹಿಂತಿರುಗಿ ನೋಡಿದಳು. ಹಿಂದೆ ಬರುತ್ತಿದ್ದ ತಮೊತ್ಸು ಗಕ್ಕನೆ ನಿಂತ. ಅವಳ ಕಣ್ಣು ಅವನ ಮೇಲೆ ನಿಲ್ಲದೆ, ಅವನನ್ನು ದಾಟಿ, ತೆನ್ನೋಜಿಯ ಬೀದಿಯುದ್ದಕ್ಕೂ ಯಾರನ್ನೋ ಹುಡುಕಿತು. ಮುಖ ಬಿಳಿಚಿಕೊಂಡಿತ್ತು. ಅವನೂ ತಿರುಗಿ ನೋಡಿದ. ಬೂದು ಕೋಟಿನವನೊಬ್ಬ ಅಂಗಡಿಯ ಗಾಜಿನ ಮುಂದೆ ಸುಮ್ಮನೆ ನಿಂತಿದ್ದ.

ಏನಾಯಿತೆಂದು ಕೇಳುವಂತಿರಲಿಲ್ಲ. ಬೀದಿಯಲ್ಲಿ ಮಾತಿಲ್ಲ, ಪಕ್ಕಪಕ್ಕ ನಡೆಯುವಂತಿಲ್ಲ, ಗುರುತಿನ ನಗೆಯೂ ಇಲ್ಲ. ಮನೆಯಲ್ಲಿ ಹೆಂಡತಿಯಿದ್ದೂ ಇನ್ನೊಬ್ಬಳ ಸಂಗ ಮಾಡಿದ ಗಂಡಸು ಒಸಾಕಾದಂಥ ಊರಿನಲ್ಲಿ ಇಷ್ಟು ವರ್ಷ ಸಿಕ್ಕಿಬೀಳದೆ ಉಳಿದದ್ದು ಈ ಕಟ್ಟುಪಾಡಿನಿಂದಲೇ. ಅವನು ಮುಂದೆ, ಅವಳು ಕೆಲವು ಹೆಜ್ಜೆ ಹಿಂದೆ. ಹಾಗೇ ನಡೆದುಬಂದಿತ್ತು. ಇವತ್ತು ಮಾತ್ರ ಅವಳು ಮುಂದಿದ್ದಳು.

ಬೆಳಿಗ್ಗೆ ದೊಡ್ಡ ಕಟ್ಟಡವೊಂದರ ಗೇಟಿನಿಂದ ತಲೆತಗ್ಗಿಸಿ ಹೊರಬಂದವಳು ರೈಲು ನಿಲ್ದಾಣದತ್ತ ಹೋಗದೆ ಉತ್ತರಕ್ಕೆ ನಡೆಯತೊಡಗಿದ್ದಳು. ಕಪ್ಪು ಉಡುಪು, ಕೊರಳಲ್ಲಿ ಅವನೇ ಕೊಟ್ಟ ಮುತ್ತಿನ ಸರ. ಆಗ ತಮೊತ್ಸುವಿಗೆ ಹೊಳೆಯಿತು. ಒಂದು ದಿನ ಹಾಡಹಗಲಲ್ಲಿ, ಕಾಲ್ನಡಿಗೆಯಲ್ಲೇ ಊರನ್ನೆಲ್ಲ ತೋರಿಸುತ್ತೇನೆಂದು ಅವನು ಮಾತು ಕೊಟ್ಟಿದ್ದ. ಕೊಟ್ಟದ್ದನ್ನು ಮುಂದೂಡುತ್ತಲೇ ಬಂದಿದ್ದ. ಕಾದು ಕಾದು ಸಾಕಾಗಿ ಅವಳೇ ಹೊರಟುಬಿಟ್ಟಿದ್ದಾಳೆ. ತಪ್ಪು ತನ್ನದೇ ಎಂದುಕೊಂಡು ಹಿಂದೆ ನಡೆದ.

ಆದರೆ ಊರು ನೋಡಲು ಬಂದವರು ಹೀಗೆ ನಡೆಯುತ್ತಾರೆಯೇ? ನೇರ ರಸ್ತೆ ಬಿಟ್ಟು ಸಂದಿ ಹಿಡಿಯುತ್ತಿದ್ದಳು. ಕುರೊಮೊನ್ ಮಾರುಕಟ್ಟೆಯಲ್ಲಿ ಮೀನಿನಂಗಡಿಗಳ ಸಾಲನ್ನು ಸುತ್ತಿ ಬಂದು ಮತ್ತೆ ಸುತ್ತಿದಳು. ಬಟ್ಟೆಯಂಗಡಿಯ ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಿದ್ದಳು. ಹೋಜೆನ್‌ಜಿ ಗುಡಿಯಲ್ಲಿ ಪಾಚಿಗಟ್ಟಿದ ದೇವರಿಗೆ ನೀರೆರೆದು ಬಹಳ ಹೊತ್ತು ಕೈಮುಗಿದು ನಿಂತಳು.

ಕೊನೆಗೆ ಕಾಫಿ ಅಂಗಡಿಯೊಂದರಲ್ಲಿ ಕೂತಳು. ಅವನು ಎಂದಿನಂತೆ ಬೇರೆ ಮೇಜಿನಲ್ಲಿ, ಬೆನ್ನಿಗೆ ಬೆನ್ನು ಕೊಟ್ಟು ಕೂತ. ಕಾಫಿ ತರುವ ಹುಡುಗಿ ಅವನತ್ತ ಸುಳಿಯಲೇ ಇಲ್ಲ. ಒಳ್ಳೆಯದೇ ಆಯಿತು, ಯಾರ ಕಣ್ಣಿಗೂ ಬೀಳದಿದ್ದರೆ ಸಾಕಾಗಿತ್ತು. ಅಷ್ಟರಲ್ಲಿ ಮಿಸುಜುವಿನ ಫೋನು ಸದ್ದು ಮಾಡಿತು. ಅವಳ ಅಕ್ಕ. ಕಿವಿ ಮಂದವಾದ್ದರಿಂದ ಫೋನಿನಲ್ಲೂ ಕಿರುಚಿಯೇ ಮಾತಾಡುವ ಹೆಂಗಸು. ಒಂದೊಂದು ಮಾತೂ ಅವನಿಗೆ ಕೇಳಿಸಿತು.

"ನೆಟ್ಟಗೆ ಮನೆಗೆ ಹೋಗ್ಬೇಡ ಕಣೇ. ಹೋದ ದಾರೀಲಂತೂ ವಾಪಸ್ ಬರ್ಲೇಬೇಡ. ಸುತ್ತಾಡು, ಜನ ಇರೋ ಕಡೆ ಕೂತ್ಕೋ. ಹಿಂದೆ ಬರೋರಿಗೆ ದಾರಿ ತಪ್ಪಬೇಕು."

"ಭಯ ಆಗ್ತಿದೆ ಅಕ್ಕ. ಬೆಳಿಗ್ಗೆಯಿಂದ ಬೆನ್ನ ಹಿಂದೇನೇ ಇದ್ದ ಹಾಗನ್ಸುತ್ತೆ."

"ಹುಷಾರು ಮಾರಾಯ್ತಿ. ಮನೆ ಒಳಗೆ ಬಂದ್ಬಿಟ್ರೆ ನಿನ್ನ ಎಳ್ಕೊಂಡೇ ಹೋಗೋದು."

ತಮೊತ್ಸು ಬಾಗಿಲತ್ತ ತಿರುಗಿ ನೋಡಿದ. ಇನ್ನು ಯಾರಿರುತ್ತಾರೆ? ಕುವಾಬಾರ, ತನ್ನ ಹೆಂಡತಿ ಫುಮಿಯೆಯ ತಮ್ಮ. ಮುಂಗೋಪಿ. ಅಕ್ಕನ ಸಂಸಾರಕ್ಕೆ ಕೈಹಾಕಿದವಳು ಸಿಕ್ಕರೆ ಸುಮ್ಮನೆ ಬಿಡುವವನಲ್ಲ. ಫುಮಿಯೆಗೆ ಗೊತ್ತಾಗಿಹೋಗಿದೆ, ತಮ್ಮನನ್ನೋ, ಅವನ ಕಡೆಯವರನ್ನೋ ಬೆನ್ನಿಗೆ ಬಿಟ್ಟಿದ್ದಾಳೆ. ಜೀವಮಾನವೆಲ್ಲ ತನ್ನ ಮಾನಕ್ಕೆ ಹೆದರಿದ್ದ ಗಂಡಸಿಗೆ ಮೊದಲ ಬಾರಿ ಅವಳಿಗಾಗಿ ಹೆದರಿಕೆಯಾಯಿತು. ಮಾನ ಹೋದರೆ ಹೋಗಲಿ, ಇವಳ ಕೂದಲೂ ಕೊಂಕಬಾರದು. ಇವಳು ಕ್ಷೇಮವಾಗಿ ಮನೆ ಸೇರಬೇಕು, ಅಷ್ಟೇ.

ಮಿದೊಸುಜಿ ರಸ್ತೆಯ ಸಾಲುಮರಗಳು ಹಳದಿ ಎಲೆ ಉದುರಿಸುತ್ತಿದ್ದವು. ಬೂದು ಕೋಟಿನವನು ಅಲ್ಲೂ ಪ್ರತ್ಯಕ್ಷನಾದ. ತಮೊತ್ಸು ಹಲ್ಲುಕಚ್ಚಿ ಅವನಿಗೆ ಅಡ್ಡವಾಗಿ ನಿಂತ. ಆಸಾಮಿ ಅವನ ಕಡೆ ಕಣ್ಣೆತ್ತಿಯೂ ನೋಡದೆ ಟ್ಯಾಕ್ಸಿ ಕರೆದು ಹತ್ತಿ ಹೊರಟುಹೋದ. ಪೀಡೆ ತೊಲಗಿತು ಎಂದು ಉಸಿರುಬಿಡುವಷ್ಟರಲ್ಲಿ ಮಿಸುಜು ಇನ್ನೊಮ್ಮೆ ತಿರುಗಿ ನೋಡಿದಳು. ಅದೇ ಹೆದರಿದ ಕಣ್ಣು. ಹಾಗಾದರೆ ಇವನಲ್ಲ. ಇನ್ನೂ ಯಾರೋ ಇದ್ದಾರೆ, ಅವನ ಕಣ್ಣಿಗೇ ಬೀಳದವರು.

ನಕನೊಶಿಮಾದ ಸೇತುವೆಯ ಮೇಲೆ ಅವಳು ನಿಂತಳು. ಹೊಳೆಯನ್ನೇ ನೋಡುತ್ತ ತಗ್ಗಿದ ದನಿಯಲ್ಲಿ ಹೇಳಿದಳು, "ಇಲ್ಲೇ ಅಲ್ವಾ ದೋಣಿ ಹತ್ತಿಸ್ತೀನಿ ಅಂದಿದ್ದು?"

ತಮೊತ್ಸು ಕಟ್ಟುಪಾಡು ಮುರಿದ. "ಮುಂದಿನ ತಿಂಗಳು ಖಂಡಿತ. ಈಗ ಬೇಗ ನಡಿ," ಎಂದ. ಅವಳು ಒಮ್ಮೆ ನಡುಗಿ, ಕತ್ತಿನ ಸುತ್ತ ಶಾಲು ಬಿಗಿದುಕೊಂಡು ಸರಸರನೆ ನಡೆದಳು.

ನಕತ್ಸುವಿನ ಅವಳ ಪುಟ್ಟ ಬಾಡಿಗೆ ಮನೆ ಮುಟ್ಟುವಾಗ ಸಂಜೆಯಾಗಿತ್ತು. ಬಾಗಿಲ ಮುಂದೆ ಅವನು ಅವಳ ಬೆನ್ನಿಗೆ ಅಂಟಿದಂತೆ ನಿಂತು, ಬೀದಿಗೆ ಮುಖಮಾಡಿ ಎರಡೂ ಕೈ ಅಗಲಿಸಿದ. ಬರುವವರು ಯಾರಾದರೂ ಬರಲಿ, ಮೊದಲು ತನ್ನನ್ನು ದಾಟಬೇಕು. ಬೀದಿ ಖಾಲಿಯಿತ್ತು. ಆ ತುದಿಯಿಂದ ಈ ತುದಿಯವರೆಗೆ ಒಂದು ನರಪಿಳ್ಳೆಯೂ ಇರಲಿಲ್ಲ.

ಬೀಗದ ಸದ್ದು ಕೇಳಲಿಲ್ಲವಲ್ಲ ಎಂದು ತಿರುಗಿದ. ಅವಳ ಕೈಯಲ್ಲಿದ್ದದ್ದು ಬೀಗದಕೈ ಅಲ್ಲ, ಪುಟ್ಟ ಕಾಗದದ ಪೊಟ್ಟಣ. ಅದನ್ನು ಹರಿದು ಎದೆಯ ಮೇಲೆ, ಹೆಗಲ ಹಿಂದೆ, ಪಾದದ ಮೇಲೆ ಚಿಟಿಕೆ ಚಿಟಿಕೆಯಾಗಿ ಉದುರಿಸಿಕೊಂಡಳು. ಉಪ್ಪು. ಅವನಿಗೆ ಗೊತ್ತಿಲ್ಲದ್ದೇನಲ್ಲ. ಸಾವಿಗೆ ಹೋಗಿಬಂದ ಹೊರಗಿನವರಿಗೆ ಕೊಟ್ಟು ಕಳಿಸುವ ಉಪ್ಪು. ಸತ್ತವರು ಬೆನ್ನುಹತ್ತಿ ಬಂದು ಹೊಸ್ತಿಲು ದಾಟದಿರಲೆಂದು ಹಾಕಿಕೊಳ್ಳುವುದು. ಯಾರು ಸತ್ತರು? ತನಗೆ ಯಾರೂ ಹೇಳಲಿಲ್ಲವಲ್ಲ?

ಮಿಸುಜು ಬೀದಿಯ ಕಡೆ ತಿರುಗಿದಳು. ಉಳಿದ ಉಪ್ಪು ಮುಷ್ಟಿಯಲ್ಲಿತ್ತು, ಕೆನ್ನೆ ಒದ್ದೆಯಾಗಿತ್ತು.

"ಹಗಲಲ್ಲೇ ಊರೆಲ್ಲ ಸುತ್ತಿದ್ದಾಯ್ತು ರೀ, ಇಷ್ಟು ಸಾಕು ನಂಗೆ," ಎಂದು ಖಾಲಿ ಬೀದಿಗೆ ಹೇಳಿದಳು. "ನಿಮ್ಮ ಅಸ್ಥಿ ಫುಮಿಯೆ ಅವ್ರ ಹತ್ರ ಇದೆ. ನಿಮ್ಮ ಮನೆ ಅದು, ಇದಲ್ಲ."